ಪರೀಕ್ಷೆ ಮುಗಿದ ಮೇಲೆ ಅವರು ಯಾರಿಗೆ ಬರೀಬೇಕು?

ಸಂಪಾದಕರಿಗೆ ನಮಸ್ಕಾರ.

ವರ್ಷಕ್ಕೊಂದು ಸಲವಾದರೂ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಶಾಲೆಯ ಜಗಲಿಯಲ್ಲಿ ವಯಸ್ಸಾದ ಹೆಂಗಸರು ಸಾಲಾಗಿ ಕೂತಿರುತ್ತಾರೆ. ತೊಡೆಯ ಮೇಲೆ ಪ್ರಶ್ನೆಪತ್ರಿಕೆ, ಕೈಯಲ್ಲಿ ಪೆನ್ನು. ಕೆಳಗೆ ‘ಪರೀಕ್ಷೆ ಬರೆದ ನವಸಾಕ್ಷರರು’ ಅಂತ ಒಂದು ಸಾಲು. ನೋಡಿದರೆ ಖುಷಿಯಾಗುತ್ತದೆ, ಸುಳ್ಳು ಹೇಳಲ್ಲ. ಆದರೆ ಅದೇ ಅಜ್ಜಿ ಪರೀಕ್ಷೆಯ ಮಾರನೇ ದಿನ ಏನು ಬರೆದಳು, ಆರು ತಿಂಗಳಾದ ಮೇಲೆ ಏನು ಬರೆದಳು ಅಂತ ಯಾರೂ ಕೇಳಿದ್ದು ನಾನು ನೋಡಿಲ್ಲ. ಕೇಳಿದರೂ ಸಿಗುವ ಉತ್ತರ ಒಂದೇ. ಏನೂ ಬರೆದಿಲ್ಲ.

ನನಗೆ ಇದು ಹೇಗೆ ಗೊತ್ತು ಅಂದರೆ, ಶಿಡ್ಲಘಟ್ಟದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಪಹಣಿ ತೆಗೆದುಕೊಡುವುದು, ಅರ್ಜಿ ತುಂಬಿಕೊಡುವುದು. ಒಂದು ಅರ್ಜಿಗೆ 20 ರೂಪಾಯಿ. ಬರೆಯಲು ಬಾರದವರು ಇರುವುದರಿಂದಲೇ ನನ್ನ ಅಂಗಡಿ ಅರ್ಧ ನಡೆಯುತ್ತದೆ. ಪರೀಕ್ಷೆ ಪಾಸಾದವರು ಇಂಟರ್ನೆಟ್ಟಿನಲ್ಲಿ ಬ್ಲಾಗ್ ಅಂತ ಒಂದು ಪುಟ ಮಾಡಿಕೊಂಡು ಬರೆಯುತ್ತಲೇ ಇರಲಿ ಅಂತ ನಾನು ಹೇಳಹೊರಟಿದ್ದೇನೆ, ಹಾಗಾಗಿ ಮುಂದೆ ನಾನು ಹೇಳುವುದೆಲ್ಲ ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕಿಕೊಳ್ಳುವ ಮಾತು ಅಂತ ತಿಳಿದೇ ಓದಿ.

ನಾಲ್ಕು ವರ್ಷದ ಹಿಂದೆ ನಮ್ಮ ಊರಿನವರೇ ಒಬ್ಬ ಅಕ್ಕ ಅಂಗಡಿಗೆ ಬಂದರು. ನಮ್ಮೂರು ಪೇಟೆಯಿಂದ ಐದಾರು ಕಿಲೋಮೀಟರ್. ಅವರಿಗೆ ಪಾಸ್‌ಬುಕ್ಕಿನಲ್ಲಿ ಹೆಸರು ತಿದ್ದಿಸುವ ಅರ್ಜಿ ಬೇಕಿತ್ತು. ಅವರು ಸಾಕ್ಷರತಾ ಪರೀಕ್ಷೆ ಪಾಸಾದವರು, ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಕೊಟ್ಟವನು ನಾನೇ. ‘ನೀವೇ ತುಂಬಿ ಅಕ್ಕಾ, ಮೂರೇ ಸಾಲು, ಸುಮ್ನೆ 20 ರೂಪಾಯಿ ಯಾಕೆ ಕೊಡ್ತೀರಿ’ ಅಂದೆ. ಪೆನ್ನು ತಗೊಂಡರು. ಹೆಸರು ಬರೆದರು. ಊರಿನ ಹೆಸರಿಗೆ ಬಂದಾಗ ಕೈ ನಿಂತಿತು. ಒತ್ತಕ್ಷರ ಮರೆತಿತ್ತು. ‘ಎಲ್ಲಾ ಬಿಟ್ಟೋಯ್ತಣ್ಣ, ಸಹಿ ಒಂದು ಉಳ್ಕೊಂಡದೆ’ ಅಂತ ನಕ್ಕರು. ನಾನೂ ನಕ್ಕೆ, ಅರ್ಜಿ ತುಂಬಿದೆ, ದುಡ್ಡು ತಗೊಂಡೆ. ರಾತ್ರಿ ಮಲಗುವಾಗ ಆ ನಗು ಸರಿ ಅನ್ನಿಸಲಿಲ್ಲ.

ಸಹಿ ಒಂದು ಉಳಿದುಕೊಂಡಿದೆ. ಇದೇ ಮಾತನ್ನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ.

ಸರ್ಕಾರದವರು ಏನೂ ಮಾಡಿಲ್ಲ ಅಂತ ಹೇಳಿದರೆ ಅನ್ಯಾಯವಾಗುತ್ತದೆ. 1978ರ ಗಾಂಧಿ ಜಯಂತಿಯ ದಿನ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. 1988ರಲ್ಲಿ ಸಾಕ್ಷರತಾ ಮಿಷನ್ ಬಂತು. 2009ರಲ್ಲಿ ಸಾಕ್ಷರ ಭಾರತ. ಕಲಿಕೆಯ ಕೇಂದ್ರ ನಡೆಸಲು ಪಂಚಾಯಿತಿಗೆ ಇಬ್ಬರು ಪ್ರೇರಕರು, ತಿಂಗಳಿಗೆ 2000 ರೂಪಾಯಿ ಗೌರವಧನ. 2018ರಲ್ಲಿ ಅದು ನಿಂತಿತು. ಈಗ 2022ರಿಂದ 2027ರವರೆಗೆ ಉಲ್ಲಾಸ್ ಅನ್ನುವ ಸಾಕ್ಷರತಾ ಯೋಜನೆ ನಡೆಯುತ್ತಿದೆ, 15 ವರ್ಷ ದಾಟಿದ ಯಾರು ಬೇಕಾದರೂ ಸೇರಬಹುದು, ಕಲಿಸುವವರು ಸ್ವಯಂಸೇವಕರು. ಕೊನೆಗೆ ಪರೀಕ್ಷೆ, ಓದು, ಬರಹ, ಲೆಕ್ಕ ಮೂರಕ್ಕೂ 50ರಂತೆ 150 ಅಂಕ. ಹೆಸರು ಬದಲಾಗುತ್ತಾ ಬಂತು, ಪುಸ್ತಕ ಬದಲಾಗುತ್ತಾ ಬಂತು. ಪರೀಕ್ಷೆಗೆ ಬಂದು ನಿಲ್ಲುವುದು ಮಾತ್ರ ಬದಲಾಗಲಿಲ್ಲ.

ಜನಗಣತಿಯವರ ಲೆಕ್ಕವೂ ಹಾಗೇ. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರಾದರೆ ಸಾಕ್ಷರರು. ಬರೀ ಓದಲು ಬಂದು ಬರೆಯಲು ಬಾರದಿದ್ದರೆ ಅವರನ್ನು ಸಾಕ್ಷರರು ಅಂತ ಎಣಿಸುವುದಿಲ್ಲ. ಆ ಲೆಕ್ಕದಲ್ಲಿ 2011ಕ್ಕೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ನೂರಕ್ಕೆ ಹೆಚ್ಚೂ ಕಡಿಮೆ 70. ನಾವು 2007ರವರೆಗೆ ಯಾವ ಜಿಲ್ಲೆಯಲ್ಲಿ ಇದ್ದೆವೋ ಆ ಕೋಲಾರ 74, ತುಮಕೂರು 75. ಮೂವರಲ್ಲಿ ನಾವೇ ಹಿಂದೆ. ಆದರೆ ಆ 70ರಲ್ಲಿ ಎಷ್ಟು ಜನ ‘ಸಹಿ ಒಂದು ಉಳ್ಕೊಂಡದೆ’ ಅನ್ನುವವರು ಅಂತ ಮನೆಗೆ ಬಂದ ಎಣಿಕೆಯವರು ಕೇಳಿರಲಿಕ್ಕಿಲ್ಲ. ಬರೆದು ತೋರಿಸಿ ಅಂತ ಯಾರಾದರೂ ಬಾಗಿಲಲ್ಲಿ ನಿಂತು ಹೇಳುತ್ತಾರಾ?

ಇಷ್ಟು ಪೀಠಿಕೆ ಸಾಕು. ನಾನು ಹೇಳಬೇಕಾದ್ದು ಬೇರೆ.

ನನ್ನ ಹೆಂಡತಿ ಡಿ.ಎಡ್ ಮಾಡಿದವಳು. ಕೆಲಸ ಸಿಗಲಿಲ್ಲ. ಆ ಅಕ್ಕನ ಕತೆ ಕೇಳಿದ ಮೇಲೆ ಊರಿನ ಭಜನೆ ಮನೆಯಲ್ಲಿ ವಾರಕ್ಕೆರಡು ಸಂಜೆ ಪಾಠ ಶುರು ಮಾಡಿದಳು. 11 ಜನ ಹೆಂಗಸರು, ಮೂವರು ಗಂಡಸರು. ಗಂಡಸರಲ್ಲಿ ಇಬ್ಬರು ಎರಡೇ ವಾರಕ್ಕೆ ನಾಪತ್ತೆ. ಹೆಚ್ಚಿನವರು ಹಿಂದೆ ಒಮ್ಮೆ ಕಲಿತು ಮರೆತವರೇ. ಕೆಲವರು ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ, ಕೆಲವರು ಪೇಟೆಗೆ ನೂಲು ತೆಗೆಯಲು ಹೋಗುತ್ತಾರೆ, ಎಲ್ಲರ ಮನೆಯಲ್ಲೂ ಒಂದೋ ಎರಡೋ ಹಸು. ಮನೆಯಲ್ಲಿ ಮಾತು ಅರ್ಧಕ್ಕರ್ಧ ತೆಲುಗು.

ಮೊದಲ ಮೂರು ತಿಂಗಳು ಪುಸ್ತಕ ನೋಡಿ ಬರೆದದ್ದು. ‘ಬಸವ ಬಂದ’, ‘ಕಮಲ ಹೂ ತಂದಳು’ ಈ ಥರ. ಬೇಸರ ಬಂದು ಆಕಳಿಸುತ್ತಿದ್ದರು. ಒಂದು ದಿನ ನನ್ನ ಹೆಂಡತಿಗೇ ಬೇಸರ ಬಂದು, ಪುಸ್ತಕ ಮುಚ್ಚಿ, ಇವತ್ತು ಬೆಳಗ್ಗೆಯಿಂದ ಏನು ಮಾಡಿದಿರೋ ಅದನ್ನೇ ಬರೀರಿ ಅಂದಳು. ಅವತ್ತು ಹುಳದ ಮನೆಯ ಅಕ್ಕ (ಹೆಸರು ಹೇಳಲ್ಲ, ಕಾರಣ ಮುಂದೆ ಹೇಳುತ್ತೇನೆ) ಒಂದೂವರೆ ಪುಟ ಬರೆದರು. ನಾಲ್ಕನೇ ಜ್ವರದ ವಿಷಯ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಚರ್ಮ ಬಿಡುತ್ತದೆ, ಪ್ರತಿ ಸಲವೂ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ, ಅದಕ್ಕೇ ನಮ್ಮ ಕಡೆ ಜ್ವರ ಅನ್ನುವುದು. ನಿಮ್ಮ ಓದುಗರಲ್ಲಿ ಅರ್ಧ ಜನಕ್ಕೆ ಇದು ಗೊತ್ತು, ಆದರೂ ಹೇಳಿದೆ. ಆ ಒಂದೂವರೆ ಪುಟದಲ್ಲಿ ಪೂರ್ಣವಿರಾಮ ಒಂದೂ ಇರಲಿಲ್ಲ. ‘ಹುಳ’ ಎಲ್ಲ ಕಡೆ ‘ಉಳ’ ಆಗಿತ್ತು. ಆದರೆ ಓದಿದರೆ ಹುಳದ ಮನೆಯ ವಾಸನೆ ಮೂಗಿಗೆ ಬರುವ ಹಾಗಿತ್ತು.

ಅದನ್ನು ನಾನು ಅಂಗಡಿಗೆ ತಗೊಂಡು ಹೋಗಿ ಟೈಪ್ ಮಾಡಿ, ಒಂದು ಬ್ಲಾಗ್ ಮಾಡಿ ಹಾಕಿದೆ. ದೊಡ್ಡ ಯೋಚನೆ ಏನೂ ಇರಲಿಲ್ಲ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುವ ಬದಲು ಅಲ್ಲಿ ಅಂಟಿಸಿದೆ, ಅಷ್ಟೇ. ಮೊದಲ ಸಲ ಎಡವಟ್ಟೂ ಆಯಿತು. ಅಂಗಡಿಯ ಅಭ್ಯಾಸದ ಮೇಲೆ ಹಳೇ ನುಡಿ ಫಾಂಟಿನಲ್ಲಿ ಹೊಡೆದು ಅಂಟಿಸಿದ್ದೆ, ಮೊಬೈಲಿನಲ್ಲಿ ತೆರೆದರೆ ಅಕ್ಷರವೇ ಇಲ್ಲ, ಬರೀ ಕಸ. ಅಕ್ಕ ನೋಡಿ, ‘ಇದಕ್ಕಿಂತ ನಾನು ಬರೆದಿದ್ದೇ ವಾಸಿ’ ಅಂದರು. ಎಲ್ಲ ಮೊಬೈಲಿನಲ್ಲೂ ಕಾಣುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ ಮತ್ತೆ ಹಾಕಿದೆ.

ಎರಡು ವಾರ ಆದ ಮೇಲೆ ಅದರ ಕೆಳಗೆ ಒಂದು ಮಾತು ಬಂತು. ಚಿಂತಾಮಣಿ ಕಡೆಯ ರೈತ ಅಂತ ಹೇಳಿಕೊಂಡವರು ಬರೆದಿದ್ದರು. ಜ್ವರದಿಂದ ಮೊದಲು ಎದ್ದ ಹುಳಕ್ಕೆ ಸೊಪ್ಪು ಹಾಕದೆ ಕಾಯಿಸುತ್ತೀರಲ್ಲ, ಉಪವಾಸ ಕೆಡವಿ ಸಾಯಿಸುತ್ತೀರಾ, ಇದು ಯಾವ ಸೀಮೆ ಸಾಕಾಣಿಕೆ, ಅಂತ. ಮಾತು ಸ್ವಲ್ಪ ಒರಟಾಗಿಯೇ ಇತ್ತು. ನಾನು ಅದನ್ನು ಅಳಿಸಿಬಿಡೋಣ ಅಂತಿದ್ದೆ, ಅಕ್ಕನಿಗೆ ಬೇಜಾರಾಗುತ್ತದೆ ಅಂತ. ಹೆಂಡತಿ ಬೇಡ ಅಂದಳು. ಅಕ್ಕನಿಗೇ ಓದಲು ಕೊಟ್ಟಳು.

ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮುಖ ಕೆಂಪಗಾಯಿತು. ‘ಇವನ್ಯಾವನು’ ಅಂದರು. ಅವತ್ತು ರಾತ್ರಿ ಮನೆಗೆ ಹೋಗಿ, ಅಡುಗೆ ಮುಗಿಸಿ, ಮೂರು ಪುಟ ಬರೆದುಕೊಂಡು ಬಂದರು. ಮೊದಲು ಎದ್ದವಕ್ಕೆ ಸೊಪ್ಪು ಹಾಕಿದರೆ ಅವು ಮುಂದೆ ಬೆಳೆಯುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಕೊನೆಗೆ ಕೆಲವು ಇವತ್ತು ಹಣ್ಣಾದರೆ (ಗೂಡು ಕಟ್ಟಲು ತಯಾರಾದರೆ) ಕೆಲವು ನಾಳಿದ್ದು, ಹುಳ ಗೂಡು ಕಟ್ಟುವ ತಟ್ಟೆ ಇದೆಯಲ್ಲ ಚಂದ್ರಿಕೆ, ಅದಕ್ಕೆ ಹಾಕುವ ಕೆಲಸ ಎರಡೆರಡು ಸಲ, ಗೂಡೂ ಒಂದೇ ಸಮ ಇರಲ್ಲ, ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಸುವ ರೀಲರ್ ಮೂಗು ಮುರಿಯುತ್ತಾನೆ. ಹುಳದ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಯಾಕೆ ಉದುರಿಸುತ್ತಾರೆ ಅನ್ನುವುದೂ ಅದರಲ್ಲಿತ್ತು. ಕೊನೆಗೆ, ‘ನೀವು ಎಷ್ಟು ಬೆಳೆ ತೆಗೆದಿದ್ದೀರಿ ಮೊದಲು ಅದನ್ನು ಹೇಳಿ’ ಅಂತ ಒಂದು ಸವಾಲು.

ಸಂಪಾದಕರೇ, ಆ ಮೂರು ಪುಟ ಬರೆಸಲು ಯಾವ ಪುಸ್ತಕದ ಕೈಯಲ್ಲೂ ಆಗುತ್ತಿರಲಿಲ್ಲ. ಸಿಟ್ಟು ಬರೆಸಿತು. ಸಿಟ್ಟು ಬರಲು, ಬರೆದದ್ದನ್ನು ಓದಿದ ಒಬ್ಬ ಎದುರಿಗೆ ಬೇಕಿತ್ತು. ಪರೀಕ್ಷೆಯಲ್ಲಿ ಬರೆದದ್ದನ್ನು ಓದುವವರು ಒಬ್ಬರೇ, ಅವರೂ ಅಂಕ ಹಾಕಲು ಓದುತ್ತಾರೆ, ಹುಳದ ವಿಷಯ ತಿಳಿಯಲು ಅಲ್ಲ. ನಾವು ಯಾರೂ ಹಾಗೆ ಬರೆಯುವುದಿಲ್ಲ. ನಾನು ನಿಮಗೆ ಇದನ್ನು ಬರೆಯುತ್ತಿರುವುದು ನೀವು ಓದುತ್ತೀರಿ ಅಂತ ತಾನೇ? ಓದುವವರು ಇಲ್ಲ ಅಂತ ಗೊತ್ತಿದ್ದರೆ ಇಷ್ಟು ಹೊತ್ತಿಗೆ ಅಂಗಡಿ ಬಾಗಿಲು ಹಾಕಿ ಮಲಗಿರುತ್ತಿದ್ದೆ.

ಇನ್ನೊಬ್ಬರು ಬರೆದದ್ದನ್ನೂ ಹೇಳಲೇಬೇಕು. ಅವರು ನೂಲು ತೆಗೆಯುವವರು, ದಿನವಿಡೀ ಬಿಸಿನೀರಿನಲ್ಲಿ ಗೂಡು ಹುಡುಕಿ ಹುಡುಕಿ ಬೆರಳಿನ ಗೆರೆ ಸವೆದಿದೆ. ಐದೇ ಸಾಲು ಬರೆದರು. ಮೊದಲು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ನಾಚಿಕೆಯಾಗುತ್ತಿತ್ತು, ಅದಕ್ಕೇ ಸಹಿ ಕಲಿತೆ. ಈಗ ರೇಷನ್ ಅಂಗಡಿಯಲ್ಲಿ ಸಹಿ ಬೇಡ, ಹೆಬ್ಬೆಟ್ಟೇ ಬೇಕು ಅಂತಾರೆ. ಹೆಬ್ಬೆಟ್ಟು ಇಟ್ಟರೆ ಮಿಷನ್ನು ಹಿಡಿಯಲ್ಲ. ಕಲಿತಿದ್ದನ್ನು ಕೇಳೋರಿಲ್ಲ, ಇಲ್ಲದ್ದನ್ನು ಕೇಳ್ತಾರೆ. ಇಷ್ಟೇ. ಇದನ್ನು ಪದವಿ ಓದಿದ ನಾನು ಬರೆಯಲು ಕೂತರೆ ಎರಡು ಪುಟ ಹಿಡಿಸುತ್ತಿದ್ದೆ, ಆಗಲೂ ಹೀಗೆ ಬರುತ್ತಿರಲಿಲ್ಲ.

ಈಗ ಕಲಿಯುವ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದೆಲ್ಲ ಚೆಂದ, ಆದರೆ ಅಕ್ಷರ ಕಲಿತರಾ ಅಂತ ಯಾರಾದರೂ ಕೇಳುತ್ತಾರೆ. ಕಲಿತರು, ಅದೂ ನಾವು ಅಂದುಕೊಳ್ಳದ ದಾರಿಯಲ್ಲಿ. ಮೊದಲ ಐದಾರು ತಿಂಗಳು ಟೈಪ್ ಮಾಡುತ್ತಿದ್ದವನು ನಾನು. ಆಮೇಲೆ ಅವರೇ ಮೊಬೈಲಿನಲ್ಲಿ ಹೊಡೆಯಲಿ ಅಂತ ಬಿಟ್ಟೆವು. ನಾವು ಅಂಗಡಿಯವರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುತ್ತೇವೆ. ಅವರಿಗೆ ಇಂಗ್ಲಿಷ್ ಅಕ್ಷರವೇ ಗೊತ್ತಿಲ್ಲ, ಹಾಗಾಗಿ ಕನ್ನಡ ಅಕ್ಷರಗಳೇ ಇರುವ ಕೀಲಿಮಣೆ ಹಾಕಿಕೊಟ್ಟೆ. ಮೊದಲ ದಿನ ಎಲ್ಲರೂ ‘ಅಕ್ಕ’ ಅಂತ ಹೊಡೆಯಲು ಹೋಗಿ ‘ಅಕಕ’ ಅಂತ ಹೊಡೆದರು. ಒತ್ತು ಎಲ್ಲಿದೆ ಅಂತ ಹುಡುಕಿದರೆ ಕೀಲಿಮಣೆಯಲ್ಲಿ ಒತ್ತೇ ಇಲ್ಲ. ಕ ಒತ್ತಿ, ಅದರ ಸ್ವರ ಕೀಳುವ ಗುರುತು ಒತ್ತಿ, ಮತ್ತೆ ಕ ಒತ್ತಿದರೆ ಒತ್ತು ತಾನಾಗಿ ಕೆಳಗೆ ಹೋಗಿ ಕೂರುತ್ತದೆ. ‘ಓ, ಇದು ಎರಡು ಕ-ನಾ’ ಅಂತ ಒಬ್ಬರು ಕೂಗಿದರು. ಅಷ್ಟು ವರ್ಷ ಅವರು ಒತ್ತಕ್ಷರವನ್ನು ಒಂದು ಚಿತ್ರದ ಹಾಗೆ ಬರೆಯುತ್ತಿದ್ದರು, ಅಕ್ಷರದ ಬಾಲ ಅಂತ. ಚಿತ್ರ ಮರೆತುಹೋಗುತ್ತದೆ. ಹೇಗೆ ಕೂಡುತ್ತದೆ ಅಂತ ತಿಳಿದದ್ದು ಅಷ್ಟು ಸುಲಭಕ್ಕೆ ಮರೆಯಲ್ಲ.

ಅರ್ಕಾವೊತ್ತು ಇನ್ನೂ ಮಜಾ. ‘ಸೂರ್ಯ’ ಅಂತ ಕೈಯಲ್ಲಿ ಬರೆಯುವಾಗ ಆ ಗುರುತು ಕೊನೆಗೆ ಬರುತ್ತದೆ. ಮೊಬೈಲಿನಲ್ಲಿ ರ ಮೊದಲು ಒತ್ತಬೇಕು, ಆಮೇಲೆ ಯ. ಬಾಯಲ್ಲಿ ಹೇಳುವ ಕ್ರಮವೂ ಅದೇ ಅಲ್ವಾ? ‘ಬರೆಯುವಾಗ ಕೊನೆಗೆ, ಒತ್ತುವಾಗ ಮೊದಲು’ ಅಂತ ಒಬ್ಬ ಅಜ್ಜಿ ಗಾದೆ ಥರ ಹೇಳಿಕೊಂಡು ತಿರುಗುತ್ತಿದ್ದರು. ನನ್ನ ಹೆಂಡತಿ ಹೇಳುವ ಪ್ರಕಾರ ಒತ್ತಕ್ಷರದ ಪಾಠ ಕಪ್ಪು ಹಲಗೆಯ ಮೇಲೆ ಎರಡು ತಿಂಗಳು ಆಗದ್ದು ಕೀಲಿಮಣೆಯಲ್ಲಿ ಎರಡು ವಾರಕ್ಕೆ ಆಯಿತು.

ಹಾಗಂತ ನೋಟ್‌ಬುಕ್ ಬಿಡಿಸಲಿಲ್ಲ. ನಮ್ಮ ಪದ್ಧತಿ ಹೀಗೆ. ಮೊದಲು ಕೈಯಲ್ಲಿ ಬರೆಯಬೇಕು. ಬರೆದದ್ದನ್ನು ಎಲ್ಲರ ಮುಂದೆ ಜೋರಾಗಿ ಓದಬೇಕು. ಕೇಳಿದವರು ಅರ್ಥವಾಗದ ಕಡೆ ನಿಲ್ಲಿಸಿ ಕೇಳುತ್ತಾರೆ. ಆಮೇಲೆ ಮೊಬೈಲಿನಲ್ಲಿ ಹೊಡೆಯುವುದು. ಕೊನೆಗೆ ಹಾಕುವುದು. ಕೆಲವರು ಮೊಮ್ಮಕ್ಕಳು ತೋರಿಸಿಕೊಟ್ಟ ಹಾಗೆ ಮೈಕಿನ ಗುರುತು ಒತ್ತಿ ಬಾಯಲ್ಲೇ ಹೇಳಿಬಿಡುತ್ತಾರೆ. 2017ರಿಂದ ಗೂಗಲ್ ಕೀಲಿಮಣೆಗೆ ಕನ್ನಡ ಮಾತು ಕೇಳಿಸುತ್ತದೆ. ಅದು ಮೋಸ ಅಂತ ಮೊದಲು ಬೇಡ ಅಂದಿದ್ದೆವು. ಆಮೇಲೆ ನೋಡಿದರೆ ನಮ್ಮ ಕಡೆಯ ತೆಲುಗು ಬೆರೆತ ಮಾತನ್ನು ಅದು ಏನೇನೋ ಮಾಡಿ ಬರೆಯುತ್ತದೆ, ಅದನ್ನು ಓದಿ ತಿದ್ದುವುದೇ ಒಂದು ಒಳ್ಳೆ ಪಾಠ. ಮಿಷನ್ನಿನ ತಪ್ಪು ಹಿಡಿಯುವಾಗ ಅವರಿಗೆ ಆಗುವ ಖುಷಿ ನೋಡಬೇಕು. ಜೀವಮಾನವಿಡೀ ಬೇರೆಯವರು ತಮ್ಮ ತಪ್ಪು ಹಿಡಿದದ್ದೇ ಆಗಿತ್ತಲ್ಲ.

ಕೆಂಪು ಪೆನ್ನು ನಾವು ಹಿಡಿಯಲಿಲ್ಲ. ‘ಆಲಿನ ಡೇರಿ’ ಅಂತ ಬರೆದಿದ್ದರೆ ಹಾಗೇ ಹಾಕಿದೆವು. ಬಯ್ಯಬೇಡಿ. ಇನ್ನೊಬ್ಬರು ‘ಹಾಲಿನ ಡೇರಿ’ ಅಂತ ಬರೆದದ್ದು ಕಂಡಾಗ ಅವರೇ ನಿಲ್ಲುತ್ತಾರೆ, ಯಾವುದು ಸರಿ ಅಂತ ಜಗಳ ಆಗುತ್ತದೆ, ಜಗಳ ಮುಗಿಯುವಷ್ಟರಲ್ಲಿ ಹ ಕಲಿತಿರುತ್ತಾರೆ. ತಮ್ಮ ಹಳೇ ಬರಹಕ್ಕೆ ವಾಪಸ್ ಹೋಗಿ ತಿದ್ದಿದವರೂ ಇದ್ದಾರೆ. ‘ನೀಳ್ಳು’ ಅಂತ ತೆಲುಗಿನಲ್ಲೇ ಬರೆದವರಿಗೂ ನೀರು ಅಂತ ಬರೀಬೇಕು ಅಂತ ಹೇಳಲಿಲ್ಲ. ತಾವಾಗಿ ಎರಡನೇ ವರ್ಷಕ್ಕೆ ಬದಲಾಯಿಸಿದರು. ಕನ್ನಡ ಕೆಟ್ಟುಹೋಗುತ್ತದೆ ಅನ್ನುವವರು ಗಾಬರಿಯಾಗಬೇಕಿಲ್ಲ. ನಮ್ಮ ಹಳೇ ಕೋಲಾರ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು. ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟರು.

ಇದು ನಾನು ಕಂಡುಹಿಡಿದದ್ದು ಅಂತ ಜಂಬ ಕೊಚ್ಚಲ್ಲ. ಹುಡುಕಿ ಓದಿದರೆ ಹಳೇ ಕತೆ. ನೂರು ವರ್ಷದ ಹಿಂದೆ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಸೆಲೆಸ್ತಿನ್ ಫ್ರೆನೆ ಅಂತ ಒಬ್ಬ ಮೇಷ್ಟ್ರು ಇದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು ಜಾಸ್ತಿ ಹೊತ್ತು ನಿಂತು ಪಾಠ ಹೇಳಲು ಅವರಿಗೆ ಆಗುತ್ತಿರಲಿಲ್ಲ. 1924ರ ಸುಮಾರಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದು ತರಗತಿಯಲ್ಲಿಟ್ಟರು. ಮಕ್ಕಳು ತಮ್ಮ ಮಾತನ್ನು ತಾವೇ ಬರೆದು, ತಾವೇ ಮೊಳೆ (ಅಚ್ಚಿನ ಸೀಸದ ಅಕ್ಷರ) ಜೋಡಿಸಿ, ಅಚ್ಚು ಹಾಕಿ ದೂರದ ಇನ್ನೊಂದು ಶಾಲೆಗೆ ಕಳಿಸುತ್ತಿದ್ದರು. ಅಲ್ಲಿಂದ ಅವರದ್ದು ಬರುತ್ತಿತ್ತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ನಮ್ಮಪ್ಪ ಇದೇ ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅವರಿಗೆ ಕಾಗುಣಿತ ತಪ್ಪುತ್ತಿರಲಿಲ್ಲ. ಅಕ್ಷರವನ್ನು ಕೈಯಲ್ಲಿ ಎತ್ತಿ ಎತ್ತಿ ಇಟ್ಟವರಿಗೆ ಅದು ಮರೆಯುತ್ತದಾ? ಮೊಳೆಯ ಕಾಲ ಹೋಯಿತು. ಆ ಕೆಲಸ ಈಗ ಮೊಬೈಲಿನ ಕೀಲಿಮಣೆ ಮಾಡುತ್ತಿದೆ ಅಂತ ನನ್ನ ಲೆಕ್ಕ.

ದೊಡ್ಡವರಿಗೆ ಕಲಿಸುವುದರಲ್ಲಿ ಬ್ರೆಜಿಲ್ಲಿನ ಪಾಲೊ ಫ್ರೇರಿಯವರ ಹೆಸರನ್ನು ಎಲ್ಲರೂ ಹೇಳುತ್ತಾರೆ. 1963ರಲ್ಲಿ ಆಂಜಿಕೋಸ್ ಅನ್ನುವ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಯ ಪಾಠದಲ್ಲಿ ಓದು ಬರಹ ಕಲಿಸಲು ಹೊರಟವರು. ಇಟ್ಟಿಗೆ ಹೊರುವವರಿಗೆ ಇಟ್ಟಿಗೆ ಅನ್ನುವ ಪದದಿಂದಲೇ ಪಾಠ ಶುರು. ನಮ್ಮಲ್ಲಿ ಹುಳದ ಜ್ವರದಿಂದ ಶುರುವಾದ ಹಾಗೆ. ಮರುವರ್ಷ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಅವರನ್ನು ಜೈಲಿಗೆ ಹಾಕಿದರು. ಕೂಲಿಯವರು ಅಕ್ಷರ ಕಲಿತರೆ ಯಾರಿಗೆ ಭಯ ಅಂತ ಇದರಲ್ಲೇ ಗೊತ್ತಾಗುತ್ತದೆ.

ನಮ್ಮ ರಾಜ್ಯದಲ್ಲೂ ಪ್ರಯತ್ನ ಇತ್ತು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹಿಂದೆ ಹೊಸದಾಗಿ ಓದು ಕಲಿತವರಿಗೆ ಅಂತಲೇ ‘ಬೆಳಕು’ ಪತ್ರಿಕೆ ತರುತ್ತಿತ್ತು. ಒಳ್ಳೆಯ ಕೆಲಸವೇ. ಆದರೆ ಬಲ್ಲವರು ಬರೆಯುವುದು, ಇವರು ಓದುವುದು ಅನ್ನುವ ಪತ್ರಿಕೆ ಅದು. ಇವರು ಬರೆದು ಬಲ್ಲವರು ಓದುವುದು ಯಾವಾಗ?

‘ಬ್ಲಾಗ್ ಕಾಲ ಮುಗೀತಣ್ಣ, ಈಗೆಲ್ಲ ರೀಲ್ಸ್’ ಅಂತ ನನ್ನ ಮಗನೇ ನಗುತ್ತಾನೆ. ನಮ್ಮೂರಲ್ಲಿ ರೀಲ್ ಅಂದರೆ ನೂಲು ಸುತ್ತುವುದು, ಅದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಬಿಡಿ. ವಿಡಿಯೊದಲ್ಲಿ ಅಕ್ಷರ ಎಲ್ಲಿದೆ? ವಾಟ್ಸಾಪ್ ಗುಂಪು ಸಾಲದಾ ಅಂತ ಕೇಳಿದವರೂ ಇದ್ದಾರೆ. ನಾವೂ ಒಂದು ಗುಂಪು ಮಾಡಿ ನೋಡಿದೆವು. ಬೆಳಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಶುಭೋದಯದ ಹೂವಿನ ಕೆಳಗೆ ಸಮಾಧಿ. ಬ್ಲಾಗಿನಲ್ಲಿ ತಾರೀಕು ಸಮೇತ ಉಳಿಯುತ್ತದೆ. ಮೊದಲ ದಿನ ಪೂರ್ಣವಿರಾಮ ಇಲ್ಲದ ಒಂದೂವರೆ ಪುಟ, ಈ ವರ್ಷ ರೇಷ್ಮೆ ಹುಳಕ್ಕೆ ಮುತ್ತಿ ಕೊಲ್ಲುವ ಊಜಿ ನೊಣದ ಕಾಟದ ಮೇಲೆ ಬರೆದ ಅಚ್ಚುಕಟ್ಟಾದ ನಾಲ್ಕು ಪುಟ, ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಅಕ್ಕ ತಾವೇ ನೋಡುತ್ತಾರೆ. ಯಾವ ಸರ್ಟಿಫಿಕೇಟೂ ಅದನ್ನು ತೋರಿಸಲ್ಲ. ಖರ್ಚೂ ಇಲ್ಲ. ಬ್ಲಾಗರ್ ಅನ್ನುವ ಜಾಗ 1999ರಿಂದ ಇದೆ, 2003ರಲ್ಲಿ ಗೂಗಲ್ ಕೊಂಡುಕೊಂಡಿತು, ಇವತ್ತಿಗೂ ಪುಕ್ಕಟೆ.

ಆದರೆ ಎಲ್ಲ ಸಲೀಸಾಗಿ ನಡೆಯಿತು ಅಂದರೆ ಸುಳ್ಳಾಗುತ್ತದೆ. ಹೆಸರು ಹೇಳಲ್ಲ ಅಂದೆನಲ್ಲ, ಅದರ ಕಾರಣ ಇದು. ಒಬ್ಬಾಕೆ ತಾನು ಕೆಲಸ ಮಾಡುವ ಕಡೆಯ ಮುಂಗಡ ಸಾಲದ ವಿಷಯ ಬರೆದರು. ಹೆಸರು ಹಾಕಿರಲಿಲ್ಲ, ಆದರೂ ಊರು, ಬೀದಿ ಎಲ್ಲ ಇತ್ತು. ನಾಲ್ಕೇ ದಿನದಲ್ಲಿ ಮಾಲೀಕರ ಕಡೆಯವರು ‘ಇದು ಬರೆದಿದ್ದು ಯಾರು’ ಅಂತ ನನ್ನ ಅಂಗಡಿಗೇ ಬಂದು ಕೇಳಿದರು. ನಾನು ಹೇಳಲಿಲ್ಲ. ಆದರೆ ಆಕೆ ಹೆದರಿ ತೆಗೆಯಿರಿ ಅಂದರು, ತೆಗೆದೆವು. ಅದರಲ್ಲಿ ಏನಿತ್ತು ಅಂತ ಇಲ್ಲೂ ಬರೆಯಲ್ಲ, ಅದು ಅವರ ಸ್ವತ್ತು. ಆಕೆ ಒಂದು ತಿಂಗಳು ಪಾಠಕ್ಕೇ ಬರಲಿಲ್ಲ. ತಪ್ಪು ನಮ್ಮದೇ. ಅಕ್ಷರ ಕಲಿಸಿದೆವು, ಅಕ್ಷರ ಊರೆಲ್ಲ ಓಡಾಡುತ್ತದೆ ಅಂತ ಕಲಿಸಿರಲಿಲ್ಲ. ಆಮೇಲೆ ಹೆಸರು, ಫೋನ್ ನಂಬರು, ಆಧಾರ್, ಮನೆಯ ಫೋಟೊ ಯಾವುದೂ ಇಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು. ಹೊರಗಿನವರು ಬರೆಯುವ ಮಾತನ್ನು ನಾವು ನೋಡಿದ ಮೇಲೆಯೇ ಕಾಣಿಸುವ ಹಾಗೆ ಮಾಡಿದೆವು, ಯಾಕೆಂದರೆ ಕೆಲವರು ಅಸಹ್ಯ ಬರೆಯುತ್ತಾರೆ. ಬರೆದವರು ಯಾವಾಗ ತೆಗೆಯಿರಿ ಅಂದರೂ ಅವತ್ತೇ ತೆಗೆಯಬೇಕು. ಇದನ್ನು ಬೇರೆ ಯಾರಾದರೂ ಮಾಡುವುದಾದರೆ ಈ ಭಾಗವನ್ನು ಮೊದಲು ಮಾಡಿ, ನಮ್ಮ ಹಾಗೆ ಪೆಟ್ಟು ತಿಂದ ಮೇಲೆ ಅಲ್ಲ.

ಈಗ ನನ್ನ ಬೇಡಿಕೆ. ಉಲ್ಲಾಸ್ ಯೋಜನೆಯಲ್ಲಿ ಐದು ಭಾಗ ಇವೆ, ಅದರಲ್ಲಿ ಒಂದರ ಹೆಸರೇ ಮುಂದುವರಿಕೆ ಶಿಕ್ಷಣ. ಕಾಗದದಲ್ಲಿ ಇರುವುದನ್ನೇ ನಾನು ಕೇಳುತ್ತಿರುವುದು. ನಮ್ಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ, ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ. ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಕೂರುತ್ತಾರೆ, ಕೂರಲಿ. ವಾರಕ್ಕೊಂದು ಮಧ್ಯಾಹ್ನ, ಎರಡು ಗಂಟೆ, ಪರೀಕ್ಷೆ ಪಾಸಾದ ಈ ದೊಡ್ಡವರಿಗೆ ಬಿಡಬಾರದಾ? ಪಂಚಾಯಿತಿಗೊಂದು ಬ್ಲಾಗ್ ಇರಲಿ. ಶ್ರೀನಿವಾಸಪುರದ ಮಾವಿನ ತೋಟದವರು ಬರೆದದ್ದನ್ನು ನಮ್ಮವರು ಓದಲಿ, ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಬಾಕ್ಸಿಗೆ ಬೆಲೆ ಬಿದ್ದ ದಿನ ಏನಾಯಿತು ಅಂತ ಬೆಳೆದವರೇ ಬರೆಯಲಿ, ಪಾವಗಡದವರು ಅದಕ್ಕೆ ಉತ್ತರ ಕೊಡಲಿ. ಆ ಫ್ರೆಂಚ್ ಮೇಷ್ಟ್ರ ಇನ್ನೊಂದು ಶಾಲೆ ಇದ್ದ ಹಾಗೆ. ಒಂದೇ ಒಂದು ಕಳಕಳಿಯ ಮಾತು, ಇದನ್ನು ಸ್ಪರ್ಧೆ ಮಾಡಬೇಡಿ. ಪ್ರಥಮ, ದ್ವಿತೀಯ ಬಹುಮಾನ, ವೇದಿಕೆ, ಶಾಲು ಅಂತ ಶುರುವಾದರೆ ಬರೆಯುವವರು ಅವರಾಗಿರಲ್ಲ, ಅವರ ಸೊಸೆಯಂದಿರಾಗಿರುತ್ತಾರೆ.

ನಿಮ್ಮ ಹತ್ತಿರವೂ ಒಂದು ಕೇಳುವುದಿದೆ. ಜಿಲ್ಲಾ ಪುಟದಲ್ಲಿ ತಿಂಗಳಿಗೊಂದು ಸಲ ಒಂದು ಅಂಗೈ ಅಗಲ ಜಾಗ ಕೊಡಿ. ಪರೀಕ್ಷೆ ಬರೆಯುವ ಅಜ್ಜಿಯ ಫೋಟೊ ಬದಲು ಅಜ್ಜಿ ಬರೆದದ್ದೇ ಬರಲಿ. ಕಾಗುಣಿತ ತಿದ್ದಬೇಕೋ ಬೇಡವೋ ಅನ್ನುವುದನ್ನು ಬರೆದವರನ್ನೇ ಕೇಳಿ, ನಮ್ಮಲ್ಲಿ ಕೆಲವರು ತಿದ್ದಿ ಅನ್ನುತ್ತಾರೆ, ಕೆಲವರು ಮುಟ್ಟಬೇಡಿ ಅನ್ನುತ್ತಾರೆ.

ಚಿಂತಾಮಣಿಯ ರೈತರು ಇನ್ನೂ ಬರೆಯುತ್ತಲೇ ಇದ್ದಾರೆ. ಸುಣ್ಣದ ವಿಷಯದಲ್ಲಿ ಅಕ್ಕನದು ಸರಿ ಅಂತ ಒಪ್ಪಿದರು, ಸೊಪ್ಪಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಪಾಸ್‌ಬುಕ್ಕಿನ ಅಕ್ಕ ಈಗ ಅರ್ಜಿ ತುಂಬಿಸಲು ನನ್ನ ಅಂಗಡಿಗೆ ಬರುವುದಿಲ್ಲ, ಜೆರಾಕ್ಸಿಗೆ ಮಾತ್ರ ಬರುತ್ತಾರೆ.

ಪತ್ರಿಕೆಯವರು ಯಾರಾದರೂ ಬಂದು ನೋಡುವುದಾದರೆ ಪಾಠ ಬುಧವಾರ ಮತ್ತು ಶನಿವಾರ, ಸಂಜೆ ಏಳೂವರೆಗೆ, ಭಜನೆ ಮನೆಯಲ್ಲಿ. ಮೊದಲೇ ಒಂದು ಮಾತು ಕೇಳಿಕೊಂಡು ಬನ್ನಿ. ಹುಳ ಹಣ್ಣಾದ ವಾರ ಬಂದರೆ ಭಜನೆ ಮನೆಗೆ ಬೀಗ ಇರುತ್ತದೆ, ಎಲ್ಲರೂ ಚಂದ್ರಿಕೆ ಹತ್ತಿರ ಇರುತ್ತಾರೆ.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವ
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ